ಹಾಲಿನವಳ ಸೈಕಲ್ ತೂಗಿದ್ದು

"ಗುರುಗಳೇ, ಕಡಿಮೆ ಕೊಡುವುದಕ್ಕೆ ಎಲ್ಲಕ್ಕಿಂತ ಒಳ್ಳೆಯ ಕಾರಣ ಯಾವುದು?"

ಹೀಗೆ ಕೇಳಿದವನು ಈರಸಂಗಪ್ಪ. ಹುಡುಗನಾಗಿದ್ದಾಗ ಈ ಗುರುಗಳ ಬಳಿ ಸೈಕಲ್ ರೇಸು ಕಲಿತವನು. ರೇಸು ಬಿಟ್ಟ ಮೇಲೆ ಅವನಿಗೆ ಹೊಟ್ಟೆ ಬಂತು. ಹೊಟ್ಟೆಯ ಹಿಂದೆಯೇ ಹುದ್ದೆಯೂ ಬಂತು. ಈಗ ಅವನು ಊರಿನ ಸೈಕಲ್ ರೇಸು ಸಮಿತಿಯ ಕಾರ್ಯದರ್ಶಿ.

ಗುರುಗಳು ಒಂದು ಗಾಲಿಯ ಬೆಂಡು ತೆಗೆಯುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರಿಗೆ ಕಡಿಮೆ?"

"ನೀಲಗಂಗಾಗೆ."

ಕಳೆದ ಭಾನುವಾರ ರೇಸು ನಡೆದಿತ್ತು. ಹುಡುಗರಿಗೆ ಅರವತ್ತು ಕಿಲೋಮೀಟರ್, ಹುಡುಗಿಯರಿಗೂ ಅರವತ್ತು. ಹುಡುಗರಲ್ಲಿ ಗೆದ್ದವನಿಗೆ ಮೂವತ್ತು ಸಾವಿರ. ಹುಡುಗಿಯರಲ್ಲಿ ಗೆದ್ದ ನೀಲಗಂಗಾಗೆ ಹನ್ನೆರಡು ಸಾವಿರ. ಅವಳು ಚೆಕ್ಕನ್ನು ವಾಪಸು ಕಳಿಸಿದ್ದಳು. ಜೊತೆಗೊಂದು ಚೀಟಿ ಇತ್ತು. 'ದೂರ ಒಂದೇ, ರಸ್ತೆ ಒಂದೇ, ಬಿಸಿಲೂ ಒಂದೇ. ಬಹುಮಾನ ಯಾಕೆ ಬೇರೆ ಎಂದು ಬರೆದುಕೊಡಿ. ಕಾರಣ ಸರಿ ಇದ್ದರೆ ಇದನ್ನೇ ತೆಗೆದುಕೊಂಡು ಸುಮ್ಮನಾಗುತ್ತೇನೆ.'

"ನಾಳೆ ಉತ್ತರ ಕೊಡಬೇಕು ಗುರುಗಳೇ. ಮೂರು ಪುಟ ಬರೆದಿದ್ದೇನೆ. ಮುಗಿಯುತ್ತಲೇ ಇಲ್ಲ. ಒಂದು ಕಾರಣ ಬರೆದರೆ ಅದರ ಆಸರೆಗೆ ಇನ್ನೊಂದು ಬೇಕಾಗುತ್ತದೆ."

ಈರಸಂಗಪ್ಪ ಎದ್ದ. ಬಾಗಿಲವರೆಗೆ ಹೋದ. ಮತ್ತೆ ಬಂದು ಕೂತ.

"ಗೆದ್ದ ಹುಡುಗನಿಗೆ ಏನು ಬರೆದೆ?"

"ಅದು ಅವತ್ತೇ ಹೋಯಿತು." ಅವನು ಫೈಲು ತೆರೆದು ನಕಲನ್ನು ಓದಿದ. "'ಪ್ರಥಮ ಸ್ಥಾನ ಪಡೆದ ತಮಗೆ ಅಭಿನಂದನೆಗಳು. ಮೂವತ್ತು ಸಾವಿರ ರೂಪಾಯಿಯ ಚೆಕ್ ಲಗತ್ತಿಸಿದೆ.' ಅಷ್ಟೇ. ಎರಡು ಸಾಲು."

"ಹುಡುಗಿಯದು?"

"'ಮಹಿಳೆಯರ ಬಗ್ಗೆ ಸಮಿತಿಗೆ ಅಪಾರ ಗೌರವವಿದೆ' ಎಂದು ಶುರುವಾಗುತ್ತದೆ."

"ಅದು ಎಷ್ಟು ಉದ್ದ?"

"ಗೌರವ ಒಂದು ಪುಟ. ಕಾರಣ ಎರಡು ಪುಟ."

ಗುರುಗಳು ಗಾಲಿಯನ್ನು ಒಮ್ಮೆ ತಿರುಗಿಸಿದರು. ಅದು ಇನ್ನೂ ಓಲಾಡುತ್ತಿತ್ತು. ಒಂದು ಕಡ್ಡಿಯನ್ನು ಬಿಗಿ ಮಾಡಿದರು.

"ಈ ಗಾಲಿ ಯಾರದು ಗೊತ್ತೇ?"

"ಇಲ್ಲ."

"ಅವಳದೇ. ಶುಕ್ರವಾರ ಸೈಕಲ್ ನೋಡಲು ಗಿರಾಕಿ ಬರುತ್ತಾನಂತೆ. ಮೂರು ತಿಂಗಳ ತರಬೇತಿ ಶಿಬಿರಕ್ಕೆ ಊಟ, ವಸತಿ ಸೇರಿ ಮೂವತ್ತು ಸಾವಿರ ಬೇಕು. ಹನ್ನೆರಡರಲ್ಲಿ ಶಿಬಿರ ಮುಗಿಯುವುದಿಲ್ಲ. ಶಿಬಿರಕ್ಕೆ ಹೋಗದಿದ್ದರೆ ಮುಂದಿನ ರೇಸುಗಳಿಗೆ ಕರೆಯುವುದಿಲ್ಲ. ಆಮೇಲೆ ಸೈಕಲ್ ಇಟ್ಟುಕೊಂಡು ಏನು ಮಾಡುತ್ತೀ ಎಂದು ಅವರಪ್ಪ ಕೇಳಿದನಂತೆ. ಅವನೂ ಕಾರಣ ಕೇಳುವವನೇ."

ಈರಸಂಗಪ್ಪ ಮತ್ತೆ ಎದ್ದ.

"ಕೂತುಕೋ," ಎಂದರು ಗುರುಗಳು. "ಒಂದು ಬೆಲ್ಲದ ಪೇಟೆಯ ಕತೆ ಹೇಳುತ್ತೇನೆ."

*

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಕೈ ಬಿಚ್ಚಿ ಕೊಡುವವನು. ಪ್ರತಿ ವರ್ಷ ಹೊಸ ಬೆಲ್ಲ ಪೇಟೆಗೆ ಬಂದ ಮೊದಲ ವಾರ ಸೈಕಲ್ ರೇಸು ಇಡುತ್ತಿದ್ದ. ಅವನ ಅಂಗಡಿಯಿಂದ ಹೊಳೆಯ ಸೇತುವೆವರೆಗೆ ಹೋಗಿ ತಿರುಗಿ ಬರಬೇಕು. ಗೆದ್ದವನನ್ನು ಅಂಗಡಿಯ ಮುಂದಿನ ದೊಡ್ಡ ತಕ್ಕಡಿಯಲ್ಲಿ ಕೂರಿಸಿ, ಅವನ ತೂಕದಷ್ಟು ಬೆಲ್ಲ ಕೊಡುವುದು ಪದ್ಧತಿ.

ಇನ್ನೊಂದು ಪದ್ಧತಿಯೂ ಇತ್ತು. ತಕ್ಕಡಿಯಲ್ಲಿ ಕೂರುವ ಮೊದಲು ಗೆದ್ದವನು ಬೇಕಾದಷ್ಟು ಮಜ್ಜಿಗೆ ಕುಡಿಯಬಹುದು. ಅವನು ಬಾಯಿ ಒರೆಸಿಕೊಳ್ಳುವ ತನಕ ತೂಗುವಂತಿಲ್ಲ. ಒಬ್ಬ ನೇಕಾರ ಒಂದು ವರ್ಷ ಐದು ತಂಬಿಗೆ ಕುಡಿದ. ಜನ ಒಂದೊಂದು ತಂಬಿಗೆಯನ್ನೂ ಕೂಗಿ ಎಣಿಸಿದರು. ಆರನೆಯದಕ್ಕೆ ಕೈ ಚಾಚಿದಾಗ ವ್ಯಾಪಾರಿ, "ಸಾಕೋ ಮಾರಾಯಾ, ನನ್ನ ತಕ್ಕಡಿ ಹರೀತದ!" ಎಂದು ಹೊಟ್ಟೆ ಹಿಡಿದು ನಕ್ಕ. ಮಜ್ಜಿಗೆಗೂ ಬೆಲ್ಲ ಕೊಟ್ಟ.

ಅಂಗಡಿಯಲ್ಲಿ ಒಬ್ಬ ತೂಗುವವನಿದ್ದ. ಬಹಳ ಪ್ರಾಮಾಣಿಕ. ತೂಗುವ ಮುಂಚೆ ಎರಡೂ ತಟ್ಟೆಗಳನ್ನು ಒರೆಸುತ್ತಿದ್ದ. ಮುಳ್ಳು ನಡುವೆ ನಿಲ್ಲುವ ತನಕ ಉಸಿರು ಬಿಡುತ್ತಿರಲಿಲ್ಲ. ಅವನ ತೂಕದಲ್ಲಿ ತಪ್ಪಿದೆ ಎಂದು ಆ ಪೇಟೆಯಲ್ಲಿ ಯಾರೂ ಹೇಳಿದ್ದಿಲ್ಲ.

ಒಂದು ವರ್ಷ ಹೆಂಗಸರೂ ರೇಸು ಕೇಳಿದರು. ವ್ಯಾಪಾರಿ ಒಪ್ಪಿದ. "ನಾನು ಭೇದ ಮಾಡಾಂವ ಅಲ್ಲ," ಎಂದ. "ಅದೇ ಅಂಗಡಿ, ಅದೇ ಸೇತುವೆ." ಒಂಬತ್ತು ಮಂದಿ ಬಂದರು. ಹಾಲು ಮಾರುವವಳೊಬ್ಬಳು ಗೆದ್ದಳು. ದಿನಾ ಬೆಳಗ್ಗೆ ಎರಡು ಕ್ಯಾನು ಹಾಲು ಹೇರಿಕೊಂಡು ಆರು ಹಳ್ಳಿ ಸುತ್ತುತ್ತಿದ್ದ ಸೈಕಲ್ಲಿನಲ್ಲೇ ಬಂದಿದ್ದಳು. ಕ್ಯಾನು ಕಳಚಿಟ್ಟಿದ್ದಕ್ಕೆ ಸೈಕಲ್ ಹಾರಿಹೋದಂತೆ ಓಡಿತು ಎಂದು ಅವಳೇ ಹೇಳಿದಳು.

ಆಗ ಒಂದು ತೊಡಕು ಬಂತು. ಅವಳನ್ನು ತೂಗುವುದು ಹೇಗೆ?

ಊರಿನ ನಾಲ್ವರು ಹಿರಿಯರು ಅಂಗಡಿಯೊಳಗೆ ಕೂತರು. ಚಹಾ ಬಂತು. ಹೆಣ್ಣುಮಗಳನ್ನು ಸಾವಿರ ಜನರ ಮುಂದೆ ತಕ್ಕಡಿಯಲ್ಲಿ ಕೂರಿಸುವುದು ಗೌರವವಲ್ಲ ಎಂದು ಒಬ್ಬರು ಹೇಳಿದರು. ಅವಳ ತೂಕವನ್ನು ಪೇಟೆಯಲ್ಲಿ ಕೂಗಿ ಹೇಳುವುದಂತೂ ಇನ್ನೂ ಅಗೌರವ ಎಂದು ಇನ್ನೊಬ್ಬರು ಹೇಳಿದರು. ಹಾಲಿನವಳು ಹೊರಗೆ ಬಿಸಿಲಲ್ಲಿ ನಿಂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಕೇಳುವುದೂ ಅಗೌರವವೇ ಎಂದು ಅವರಿಗೆ ತೋರಿರಬೇಕು. ಎರಡನೆಯ ಚಹಾ ಬರುವ ಹೊತ್ತಿಗೆ ದಾರಿ ಸಿಕ್ಕಿತು. ಅವಳ ಬದಲು ಅವಳ ಸೈಕಲ್ ತೂಗುವುದು.

ಹಾಲಿನ ಸೈಕಲ್ ಕಬ್ಬಿಣದ್ದು. ಕ್ಯಾರಿಯರ್ ಇತ್ತು, ಸ್ಟ್ಯಾಂಡ್ ಇತ್ತು, ಕ್ಯಾನಿನ ಕೊಕ್ಕೆಗಳಿದ್ದವು. ತೂಗುವವನು ಅದನ್ನು ತಟ್ಟೆಗೆ ಏರಿಸುವ ಮೊದಲು ಟೈರಿಗೆ ಮೆತ್ತಿದ ಮಣ್ಣನ್ನು ಕೆರೆದು ತೆಗೆದ. ಸೀಟಿನ ಕೆಳಗೆ ಸಿಕ್ಕಿಸಿದ್ದ ಚಿಂದಿ ಬಟ್ಟೆಯನ್ನೂ ಎಳೆದು ಹಾಕಿದ. "ಮಣ್ಣಿಗೆ ಬೆಲ್ಲ ಕೊಡಾಕ ಬರೂದಿಲ್ಲವ್ವಾ. ತೂಕ ಅಂದ್ರ ತೂಕ," ಎಂದ.

ಇಪ್ಪತ್ತನಾಲ್ಕು ಕಿಲೋ ಬಂತು. ನೇಕಾರ ಆ ವರ್ಷವೂ ಗೆದ್ದಿದ್ದ. ಅವನು ಮಜ್ಜಿಗೆ ಸೇರಿ ಅರವತ್ತಾರು ತೂಗಿದ.

ಹಾಲಿನವಳು ತಕ್ಕಡಿಯನ್ನೊಮ್ಮೆ ನೋಡಿದಳು. ಮೊದಲ ಸಲ ಬಂದಿದ್ದಳು. ಬೆಲ್ಲವನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಹೋದಳು.

*

"ಒಂದು ಪದ್ಧತಿ ಅಂತ ಆಯಿತಲ್ಲ ಗುರುಗಳೇ," ಎಂದ ಈರಸಂಗಪ್ಪ. "ಏನೂ ಇಲ್ಲದೆ ಇದ್ದದ್ದಕ್ಕಿಂತ ಮೇಲು."

"ವ್ಯಾಪಾರಿಯೂ ಹಾಗೇ ಅಂದುಕೊಂಡ," ಎಂದರು ಗುರುಗಳು.

*

ಮರುವರ್ಷ ಹಾಲಿನವಳು ಬುದ್ಧಿ ಓಡಿಸಿದಳು. ಓಡುವ ಸೈಕಲ್ಲಿಗೆ ಕ್ಯಾರಿಯರ್ ಯಾಕೆ? ಬಿಚ್ಚಿದಳು. ಸ್ಟ್ಯಾಂಡ್, ಮಡ್‌ಗಾರ್ಡ್, ಕೊಕ್ಕೆ ಎಲ್ಲವನ್ನೂ ಬಿಚ್ಚಿದಳು. ಹಿಂದಿನ ಸಲಕ್ಕಿಂತ ನಾಲ್ಕು ನಿಮಿಷ ಮೊದಲೇ ಬಂದಳು. ಸೈಕಲ್ ಹದಿನೇಳು ಕಿಲೋ ತೂಗಿತು. ನಾಲ್ಕು ನಿಮಿಷ ಬೇಗ ಬಂದದ್ದಕ್ಕೆ ಏಳು ಕಿಲೋ ಬೆಲ್ಲ ಕಡಿಮೆ ಆಯಿತು.

ಮೂರನೆಯ ವರ್ಷ ಅವಳು ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿ ಹಗುರವಾದ ರೇಸು ಸೈಕಲ್ ತಂದಳು. ಗಂಡ ಎರಡು ದಿನ ಮಾತು ಬಿಟ್ಟ. ಆ ವರ್ಷ ಅವಳು ಸೇತುವೆಯಿಂದ ಬಂದ ವೇಗಕ್ಕೆ ಗಡಿಯಾರ ಹಿಡಿದವನು ಗಡಿಯಾರವನ್ನು ಕಿವಿಗೆ ಹಿಡಿದು ನೋಡಿದ. ಗಂಡಸರಲ್ಲಿ ಅರ್ಧಕ್ಕರ್ಧ ಮಂದಿಗಿಂತ ಅವಳ ಸಮಯ ಮೇಲಾಗಿತ್ತು. ಇದ್ದಷ್ಟು ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಸೈಕಲ್ ಹನ್ನೊಂದು ಕಿಲೋ ತೂಗಿತು.

ಹನ್ನೊಂದು ಕಿಲೋ ಬೆಲ್ಲವೆಂದರೆ ಒಂದು ದೊಡ್ಡ ಪೆಂಟೆ, ಮೇಲೊಂದು ಸಣ್ಣ ತುಂಡು. ಅವಳು ಅದನ್ನು ಚೀಲದಲ್ಲಿ ಹಾಕಿ ಹ್ಯಾಂಡಲ್ಲಿಗೆ ತೂಗುಹಾಕಿದಳು. ಹೊರಡಲಿಲ್ಲ. ತಕ್ಕಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಏನಾರ ತಪ್ಪೈತೇನು?" ಎಂದು ತೂಗುವವನು ಕೇಳಿದ. ಅವನಿಗೆ ಬೇಸರವಾಗಿತ್ತು. "ಬೇಕಾದ್ರ ಮತ್ತೊಮ್ಮಿ ತೂಗಿ ತೋರಸ್ತೀನಿ. ಕೂದಲೆಳಿಯಷ್ಟೂ ವ್ಯತ್ಯಾಸ ಬರೂದಿಲ್ಲ."

"ತಕ್ಕಡಿ ಬರೋಬ್ಬರಿ ಐತ್ರೀ," ಎಂದಳು ಹಾಲಿನವಳು. "ಅದರಾಗ ಏನು ಇಟ್ಟೀರಿ ಅದನ್ನ ನೋಡಾಕತ್ತೀನಿ."

ತೂಗುವವನು ತಟ್ಟೆಯನ್ನು ಇನ್ನೊಮ್ಮೆ ಒರೆಸಿದ. ಅವನಿಗೆ ಗೊತ್ತಿದ್ದದ್ದು ಅದೊಂದೇ ಉತ್ತರ.

ಆಮೇಲೆ ಒಂದು ವರ್ಷ ಪೂರ್ತಿ ಅವಳು ಸುಮ್ಮನೆ ಕೂರಲಿಲ್ಲ. ಹಾಲು ಹಾಕಲು ಪೇಟೆಗೆ ಬಂದಾಗಲೆಲ್ಲ ವ್ಯಾಪಾರಿಯ ಅಂಗಡಿಯ ಮುಂದೆ ಸೈಕಲ್ ನಿಲ್ಲಿಸುತ್ತಿದ್ದಳು. ಒಂದು ಕಾಲು ನೆಲದ ಮೇಲೆ, ಒಂದು ಕಾಲು ಪೆಡಲಿನ ಮೇಲೆ.

"ಸಾವ್ಕಾರ್ರ, ನನ್ನ ತೂಗ್ರಿ. ತಕ್ಕಡ್ಯಾಗ ಕುಂಡ್ರಾಕ ನನಗೇನ ನಾಚಿಕಿ ಇಲ್ಲ."

"ನಿನಗ ಇರಲಿಕ್ಕಿಲ್ಲವ್ವಾ. ನಮಗೈತಿ," ಎಂದ ವ್ಯಾಪಾರಿ.

ಮುಂದಿನ ವಾರ ಮತ್ತೆ ಬಂದಳು. ಹೆಂಗಸರ ರೇಸು ನೋಡಲು ಜನವೇ ಬರುವುದಿಲ್ಲವಲ್ಲ ಎಂದ ವ್ಯಾಪಾರಿ. ಬೆಳಗಿನ ಆರಕ್ಕೆ ಇಟ್ಟರೆ ಅಂಗಡಿ ತೆರೆಯುವವರೂ ಇರುವುದಿಲ್ಲ, ಗಂಡಸರ ರೇಸಿಗೆ ಸ್ವಲ್ಪ ಮುಂಚೆ, ಎಂಟಕ್ಕೆ ಇಡಿ ಎಂದಳು ಅವಳು. ವ್ಯಾಪಾರಿ ನ್ಯಾಯಕ್ಕೆ ಬದ್ಧನಾದವನು. ಎಂಟಕ್ಕೆ ಇಡಲು ಒಪ್ಪಿದ. ಜನ ಬಂದರೆ ಅವರು ಗಂಡಸರ ರೇಸಿಗೆ ಮುಂಚಿತವಾಗಿ ಬಂದವರೆಂದು ತಿಳಿಯಬೇಕು ಎಂದು ಹಿರಿಯರೊಬ್ಬರು ಆಗಲೇ ಹೇಳಿಟ್ಟರು.

ಮತ್ತೊಂದು ವಾರ ಬಂದಳು. ಒಂಬತ್ತೇ ಮಂದಿ ಅಲ್ಲವೇ, ಅಷ್ಟು ಜನಕ್ಕೆ ಇಷ್ಟು ಬೆಲ್ಲವೇ ಎಂದ ವ್ಯಾಪಾರಿ. ಹಾಲಿನವಳು ಆರು ಹಳ್ಳಿಯ ಮನೆಮನೆಯಲ್ಲಿ ಹಾಲಿನ ಜೊತೆ ಈ ಮಾತನ್ನೂ ಅಳೆದು ಹಾಕಿದಳು. ನಾಲ್ಕನೆಯ ವರ್ಷ ಮೂವತ್ತೊಂದು ಮಂದಿ ಹೆಂಗಸರು ಸಾಲಿಗೆ ನಿಂತರು. ಗಂಡಸರು ಇಪ್ಪತ್ತೆಂಟು. ಅದನ್ನು ತೂಗುವವನ ಹೊರತು ಯಾರೂ ಎಣಿಸಲಿಲ್ಲ. ಎಣಿಸಿದ ಅವನು ಯಾರಿಗೂ ಹೇಳಲಿಲ್ಲ.

*

"ಆ ವರ್ಷ ಕೊಟ್ಟರೇ?" ಈರಸಂಗಪ್ಪ ಮುಂದಕ್ಕೆ ಬಾಗಿದ್ದ. ಫೈಲು ಅವನ ತೊಡೆಯಿಂದ ಜಾರಿತು.

ಗುರುಗಳು ಗಾಲಿಯನ್ನು ತಿರುಗಿಸಿ ನೋಡಿದರು. ಇನ್ನೊಂದು ಕಡ್ಡಿಗೆ ಕೈ ಹಾಕಿದರು.

*

ಹಾಲಿನವಳೇ ಗೆದ್ದಳು. ಆಮೇಲೆ ಗಂಡಸರ ರೇಸು ಮುಗಿಯಿತು. ಅದರಲ್ಲಿ ನೇಕಾರ ಗೆದ್ದ. ಪೇಟೆ ತುಂಬ ಜನ. ತೂಗುವವನು ತಟ್ಟೆ ಒರೆಸಿ, ಹಾಲಿನವಳ ಸೈಕಲ್ಲಿಗೆ ಕೈ ಚಾಚಿದ.

ಅವಳು ಕೊಟ್ಟಳು. ಅದು ತಟ್ಟೆ ಏರಿತು. ಹನ್ನೊಂದು ಕಿಲೋ ಬೆಲ್ಲ ಎದುರು ತಟ್ಟೆಗೆ ಬಂತು. ಮುಳ್ಳು ನಡುವೆ ನಿಂತಿತು.

ನೇಕಾರ ಮೂರನೆಯ ತಂಬಿಗೆ ಮಜ್ಜಿಗೆ ಎತ್ತಿದ್ದ. ಅವನ ಸೈಕಲ್ ಅಂಗಡಿಯ ಕಟ್ಟೆಗೆ ಒರಗಿತ್ತು. ಹಾಲಿನವಳು ಹೋಗಿ ಅದನ್ನು ಹಿಡಿದು ದೂಡಿಕೊಂಡು ಬಂದಳು.

"ಯಕ್ಕಾ, ಯಕ್ಕಾ! ನನ್ನ ಗಾಡಿ ಎತ್ತಾಗ ಒಯ್ತೀ?" ನೇಕಾರನ ಬಾಯಲ್ಲಿ ಇನ್ನೂ ಮಜ್ಜಿಗೆ ಇತ್ತು.

"ಹೆದರಬ್ಯಾಡ ತಮ್ಮಾ. ಕಸಗೊಳ್ಳೂದಿಲ್ಲ." ಅವಳು ಅದನ್ನು ತಕ್ಕಡಿಯ ಮುಂದೆ ನಿಲ್ಲಿಸಿದಳು. "ಸಾವ್ಕಾರ್ರ, ಇದನ್ನೂ ತೂಗ್ರಿ. ಇಬ್ಬರಿಗೂ ಸೈಕಲ್ ತೂಕದ್ದ ಕೊಡ್ರಿ. ನಾ ಒಂದು ಮಾತ ಆಡೂದಿಲ್ಲ."

ಜನ ನಕ್ಕರು. ನೇಕಾರ ನಗಲಿಲ್ಲ. ತನ್ನ ಸೈಕಲ್ ಹತ್ತು ಕಿಲೋ ಎಂದು ಅವನಿಗೆ ಗೊತ್ತಿತ್ತು. ಅವನು ತಂಬಿಗೆ ಕೆಳಗಿಟ್ಟ.

ವ್ಯಾಪಾರಿಯೂ ನಕ್ಕ. ಮಗುವಿಗೆ ಹೇಳುವಂತೆ ಹೇಳಿದ. "ಅವನ ಸೈಕಲ್ ಯಾಕ ತೂಗಬೇಕವ್ವಾ? ಗೆದ್ದಾಂವ ಅವನಲ್ಲೇನು?"

ಹೇಳಿದ ಮೇಲೆ ಆ ಮಾತು ಅವನ ಕಿವಿಗೂ ಬಿತ್ತು. ಅವನು ಮಾತು ಬದಲಿಸಲು ನೋಡಿದ. ಹಿರಿಯರ ಕಡೆ ತಿರುಗಿದ. ಹಿರಿಯರು ಚಹಾದವನ ಕಡೆ ನೋಡುತ್ತಿದ್ದರು.

ಹಾಲಿನವಳು ನೇಕಾರನ ಸೈಕಲ್ಲನ್ನು ಅದರ ಜಾಗಕ್ಕೆ ಒರಗಿಸಿ ಬಂದಳು.

"ಹಂಗಾದ್ರ ನಾಕು ವರ್ಷದಿಂದ ನನ್ನ ಸೈಕಲ್ಲ ಗೆದ್ದೈತಿ," ಎಂದಳು. "ಬೆಲ್ಲ ಅದಕ್ಕ ಕೊಡ್ರಿ. ನನಗ ಹಾಲಿಂದು ಹೊತ್ತಾತು."

ಸೈಕಲ್ ತಟ್ಟೆಯಲ್ಲೇ ಇತ್ತು. ಅವಳು ನಡೆದುಕೊಂಡು ಮನೆಗೆ ಹೋದಳು.

ಸಂಜೆಯವರೆಗೆ ಕಾದರು. ಅವಳು ಬರಲಿಲ್ಲ. ವ್ಯಾಪಾರಿ ಪರರ ಸೊತ್ತನ್ನು ಮುಟ್ಟುವವನಲ್ಲ. ಹನ್ನೊಂದು ಕಿಲೋ ಬೆಲ್ಲವನ್ನು ಚೀಲದಲ್ಲಿ ಕಟ್ಟಿಸಿ ಆ ಸೈಕಲ್ಲಿನ ಹ್ಯಾಂಡಲ್ಲಿಗೇ ತೂಗುಹಾಕಿಸಿದ. ಅದನ್ನು ಅಂಗಡಿಯೊಳಗೆ ಗೋಡೆಗೆ ಒರಗಿಸಿದರು. ಮೂರನೆಯ ದಿನ ಇರುವೆ ಹತ್ತಿದವು. ಹ್ಯಾಂಡಲ್ಲಿನಿಂದ ಸೀಟಿಗೆ, ಸೀಟಿನಿಂದ ಪೆಡಲಿಗೆ, ಅಲ್ಲಿಂದ ಸಾಲು ಹಿಡಿದು ಗೋಡೆಗೆ ಹೋದವು. ವ್ಯಾಪಾರಿ ಇರುವೆಗಳನ್ನು ಯಾವ ಕಾರಣವನ್ನೂ ಕೇಳಲಿಲ್ಲ.

ಹಾಲಿನವಳಿಗೆ ಹಳೆಯ ಕಬ್ಬಿಣದ ಹಾಲಿನ ಸೈಕಲ್ಲೊಂದೇ ಉಳಿಯಿತು. ಪೇಟೆಯ ದಾರಿ ಬಿಟ್ಟು ಸುತ್ತಿನ ದಾರಿಯಲ್ಲಿ ಹಾಲು ಹಾಕತೊಡಗಿದಳು. ಅವಳು ಸೇತುವೆಯಿಂದ ಬರುವುದನ್ನು ಆಮೇಲೆ ಯಾರೂ ನೋಡಲಿಲ್ಲ.

ಐದನೆಯ ವರ್ಷ ಹೆಂಗಸರ ರೇಸಿಗೆ ಇಬ್ಬರು ಬಂದರು. ಅಂಗಡಿಯೊಳಗಿನ ಸೈಕಲ್ಲನ್ನೂ, ಹರಿದ ಚೀಲವನ್ನೂ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡು ತಿರುಗಿ ಹೋದರು. ಆರನೆಯ ವರ್ಷ ಯಾರೂ ಬರಲಿಲ್ಲ.

ಹಿರಿಯರು ಅಂಗಡಿಯೊಳಗೆ ಕೂತರು. ಚಹಾ ಬಂತು. ಹೆಂಗಸರಿಗೆ ರೇಸಿನಲ್ಲಿ ಆಸಕ್ತಿ ಇಲ್ಲ ಎಂದು ಬರೆದಿಟ್ಟರು. ಬರೆಯುವಾಗ ಅವರಿಗೆ ಬಹಳ ನೆಮ್ಮದಿಯಾಯಿತು. ಗೌರವ, ಜನ, ಸಂಖ್ಯೆ, ಇವೆಲ್ಲ ಒಂದೊಂದು ವರ್ಷ ನಡೆದ ಕಾರಣಗಳು. ಇದು ಮಾತ್ರ ವರ್ಷ ವರ್ಷವೂ ನಡೆಯಿತು. ಯಾರೂ ಅದನ್ನು ಅಲ್ಲಗಳೆಯಲಿಲ್ಲ. ಅಲ್ಲಗಳೆಯಬೇಕಾದವಳು ಸುತ್ತಿನ ದಾರಿಯಲ್ಲಿದ್ದಳು.

*

ಗುರುಗಳು ಕತೆ ನಿಲ್ಲಿಸಿದರು.

"ಒಳ್ಳೆಯ ಕಾರಣ ಯಾವುದೆಂದು ಕೇಳಿದೆಯಲ್ಲ," ಎಂದರು. "ನನಗೆ ಗೊತ್ತಿರುವಂತೆ ಆ ಹಿರಿಯರು ಬರೆದಿಟ್ಟದ್ದೇ ಎಲ್ಲಕ್ಕಿಂತ ಒಳ್ಳೆಯದು. ಅದನ್ನು ಮೂರು ಪುಟ ಬರೆಯುವ ಕಷ್ಟವೂ ಇಲ್ಲ. ಶುಕ್ರವಾರ ಅವಳ ಸೈಕಲ್ ಮಾರಾಟವಾಗುವವರೆಗೆ ಸುಮ್ಮನೆ ಕೂತರೆ ತಾನಾಗಿಯೇ ಕೈಗೆ ಬರುತ್ತದೆ."

ಈರಸಂಗಪ್ಪನ ಕೈ ಫೈಲಿನ ದಾರವನ್ನು ಕಟ್ಟಿತು, ಬಿಚ್ಚಿತು, ಮತ್ತೆ ಕಟ್ಟಿತು.

"ಸಮಿತಿಯಲ್ಲಿ ನಾನೊಬ್ಬನೇ ಇಲ್ಲ ಗುರುಗಳೇ. ನಾನು ಬರೀ ಕಾರ್ಯದರ್ಶಿ. ಬರೆಯುವುದಷ್ಟೇ ನನ್ನ ಕೆಲಸ."

"ತೂಗುವವನೂ ಹಾಗೇ ಹೇಳುತ್ತಿದ್ದ."

ಈರಸಂಗಪ್ಪ ಎದ್ದ. ಬಾಗಿಲವರೆಗೆ ಹೋದ. ಚಪ್ಪಲಿಗೆ ಕಾಲು ಹಾಕಿದ. ತಿರುಗಿ ನಿಂತ.

"ಆ ಕಾರಣ ನನಗೆ ಬೇಡ. ಬೇರೆ ಯಾವುದನ್ನೂ ಬರೆಯಲು ಆಗುತ್ತಿಲ್ಲ. ನಾಳೆ ಹುಡುಗಿಗೆ ಏನು ಬರೆಯಲಿ, ನೀವೇ ಹೇಳಿ."

ಗುರುಗಳು ಗಾಲಿಯನ್ನು ಕೊನೆಯ ಸಲ ತಿರುಗಿಸಿದರು. ಅದು ಈಗ ಎಲ್ಲೂ ಓಲಾಡದೆ ತಿರುಗಿತು.

"ಹುಡುಗನಿಗೆ ಎಷ್ಟು ಸಾಲಿನಲ್ಲಿ ಬರೆದೆಯೋ ಅಷ್ಟೇ ಸಾಲಿನಲ್ಲಿ ಬರೆ. ಎರಡು ಸಾಲಿನಲ್ಲಿ ಮೂವತ್ತು ಸಾವಿರ ಹಿಡಿಯುತ್ತದೆ, ಕಾರಣ ಹಿಡಿಯುವುದಿಲ್ಲ."

ಬಂದಾಗಿನಿಂದ ಎದ್ದು ಕೂತು ಮಾಡುತ್ತಿದ್ದವನು ಬಾಗಿಲಲ್ಲೇ ನಿಂತುಬಿಟ್ಟ.